ಬಿಚ್ಚದೆ ಇಟ್ಟ ಗಂಟು

ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ಒಂದು ಮಂಗಳವಾರ. ಅದೇ ಕೊನೆಯದು ಎಂದು ಮೊದಲೇ ಗೊತ್ತಿದ್ದರೆ ನಾನು ಆ ದಿನ ಒಂದು ಮಿರ್ಚಿಗಾಗಿ ಜಗಳ ಆಡುತ್ತಿರಲಿಲ್ಲ. ನಮ್ಮ ಯಜಮಾನರಿಗೆ ಸಂಜೆ ನಾಲ್ಕರ ಹೊತ್ತಿಗೆ ಒಗ್ಗರಣೆ ಮಂಡಕ್ಕಿ ಬೇಕು, ಅದರ ಜೊತೆ ಎರಡು ಮಿರ್ಚಿ ಬೇಕು. ಡಾಕ್ಟರು ಎಣ್ಣೆಯಲ್ಲಿ ಕರಿದದ್ದು ಬೇಡ ಎಂದಿದ್ದರು. ನಾನು ಒಂದೇ ಮಿರ್ಚಿ ತರಿಸಿ, ಅದರಲ್ಲಿ ಅರ್ಧ ನಾನೇ ತಿಂದು, ಉಳಿದ ಅರ್ಧವನ್ನು ಮಂಡಕ್ಕಿಯ ಕೆಳಗೆ ಹುಗಿದು ತಟ್ಟೆ ತಂದಿಟ್ಟೆ. ಅವರು ಕಂಪ್ಯೂಟರಿನ ಮುಂದೆ ಕೂತು ನಮ್ಮ ಮಗಳು ಶೈಲಾಳ ಲಗ್ನಪತ್ರಿಕೆಯ ಹೆಸರಿನ ಪಟ್ಟಿ ಕುಟ್ಟುತ್ತಿದ್ದರು. ಪೆನ್ನಿನ ತುದಿಯಿಂದ ಪರದೆ ಮುಟ್ಟುತ್ತ ಎಣಿಸುತ್ತಿದ್ದರು. “ಮೂವತ್ತೊಂಬತ್ತು, ನಲವತ್ತು” ಎಂದು ನಿಲ್ಲಿಸಿ, ಹಣೆ ಬಡಿದುಕೊಂಡು ಮತ್ತೇನನ್ನೋ ಕುಟ್ಟಿದರು.

“ಒಂದ್ ಹೆಸರು ಬಿಟ್ಟಿದ್ದೆ ನೋಡು ಶಾರದಾ. ಬಿಟ್ಟಿದ್ರೆ ದೊಡ್ಡ ತಪ್ಪಾಗ್ತಿತ್ತು. ಈಗ ನಲವತ್ತೊಂದಾತು.”

“ಯಾರದ್ರೀ?”

“ಹೇಳ್ತೀನಿ ತಡಿ. ಮೊದಲು ನೀ ಹೇಳು, ಈ ಮಿರ್ಚಿ ಯಾರು ಕಡದ್ರು? ಇಲಿ ಕಡದಂಗೈತಿ.”

ಅಲ್ಲಿಂದ ಮಾತು ಇಲಿಗೆ ಹೋಯಿತು, ಇಲಿಯಿಂದ ಡಾಕ್ಟರಿಗೆ, ಡಾಕ್ಟರಿಂದ ನಮ್ಮ ತವರುಮನೆಯವರ ಸ್ವಭಾವಕ್ಕೆ. ಹೆಸರಿನ ವಿಷಯ ಅಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಹಡಗಲಿಯ ಗಿರಾಕಿಗೆ ಕಾರ್ಡು ಮುಟ್ಟಿಸಲು ಹೊರಟವರು ಬಸ್ಸಿನಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ತೊಡೆಯ ಮೇಲಿದ್ದ ಕಾರ್ಡಿನ ಕಟ್ಟು ಅವರ ಜೊತೆಯಲ್ಲೇ ಮನೆಗೆ ಬಂತು. ಒಂದು ಕಾರ್ಡೂ ಮಡಚಿರಲಿಲ್ಲ.

ನಮ್ಮದು ಕೊಟ್ಟೂರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಸಣ್ಣ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದಲೂ ಜನ ಬರುತ್ತಾರೆ. ನಾನು ಓದಿದ್ದು ಹತ್ತನೇ ಕ್ಲಾಸು. ಅಕ್ಷರ ಕುಟ್ಟುವುದನ್ನು ಯಜಮಾನರೇ ಕಲಿಸಿದರು. ಈ ಕೆಲಸದಲ್ಲಿ ದೇವರ ಚಿತ್ರ, ಮುಹೂರ್ತ, ಊಟದ ವೇಳೆ ಇವೆಲ್ಲ ಸುಲಭ. ಕಷ್ಟ ಇರುವುದು ‘ಸುಖಾಗಮನ ಬಯಸುವವರು’ ಎಂಬ ತಲೆಬರಹದ ಕೆಳಗೆ ಬರುವ ಹೆಸರಿನ ಪಟ್ಟಿಯಲ್ಲಿ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರ ಪಕ್ಕ ಯಾರನ್ನು ಹಾಕಬಾರದು, ಯಾರು ಮಾತು ಬಿಟ್ಟಿದ್ದಾರೆ, ಮಾತು ಬಿಟ್ಟರೂ ಯಾರ ಹೆಸರು ಬಿಡುವಂತಿಲ್ಲ, ಇದೆಲ್ಲ ಗೊತ್ತಿರಬೇಕು. ನಮ್ಮ ಯಜಮಾನರ ಅಕ್ಕ ಗಿರಿಜಕ್ಕನನ್ನು ಹರಪನಹಳ್ಳಿ ಕಡೆಯ ಅರಸೀಕೆರೆಗೆ ಕೊಟ್ಟಿದೆ. ಒಮ್ಮೆ ಯಾರದೋ ಕಾರ್ಡಿನಲ್ಲಿ ಆಕೆಯ ಹೆಸರು ಮೂರನೇ ಸಾಲಿನಿಂದ ಐದನೇ ಸಾಲಿಗೆ ಇಳಿದಿತ್ತು. ಆಕೆ ಲಗ್ನಕ್ಕೆ ಹೋದಳು, ಅಕ್ಕಿಕಾಳು ಹಾಕಿದಳು, ಊಟ ಮಾಡದೆ ಎದ್ದು ಬಂದಳು. “ಐದನೇ ಸಾಲಿನ ಮಂದಿಗೆ ಎಲಿ ಉಳದಿರತಾವೋ ಇಲ್ಲೋ” ಎಂದಳಂತೆ. ತಾಲೂಕಿನ ಇಂಥ ಒಳಗುಟ್ಟನ್ನೆಲ್ಲ ಯಜಮಾನರು ಪಟ್ಟಿ ಮಾಡಿ ಇಟ್ಟಿದ್ದರು. ಒಂದು ಮನೆಯ ದೊಡ್ಡ ಮಗಳ ಲಗ್ನಕ್ಕೆ ಮಾಡಿದ ಪಟ್ಟಿ ಎರಡನೆಯವಳಿಗೆ ಬೇಕಾಗುತ್ತದೆ. “ಹಳೇದು ತೆಗೀರಿ, ಇಬ್ಬರು ಸತ್ತಾರ, ಮೂವರು ಹುಟ್ಯಾರ, ಅಷ್ಟ ಬದಲು ಮಾಡ್ರಿ” ಎಂದು ಜನ ನಿಂತ ಕಾಲಲ್ಲೇ ಹೇಳಿ ಸಂತೆಗೆ ಹೋಗುತ್ತಿದ್ದರು.

ಒಂದೊಂದು ಮನೆಯ ಫೈಲುಗಳನ್ನೆಲ್ಲ ಸೇರಿಸಿ, ಒತ್ತಿ, ಕಂಪ್ಯೂಟರಿನೊಳಗೆ ಒಂದೇ ಕಟ್ಟು ಮಾಡಿಡುವುದು ಅವರ ಪದ್ಧತಿ. ಅದನ್ನು ಕಟ್ಟಲಿಕ್ಕೂ ಬಿಚ್ಚಲಿಕ್ಕೂ ಒಂದು ಪ್ರೋಗ್ರಾಂ ಇರುತ್ತದೆ. ನಾವಿಬ್ಬರೂ ಅದಕ್ಕೆ ಗಂಟು ಎನ್ನುತ್ತಿದ್ದೆವು. “ಹರಪನಹಳ್ಳಿ ಕಿರಾಣಿಯೋರ ಗಂಟು ಬಿಚ್ಚು” ಎಂದರೆ ನಾನು ಬಿಚ್ಚುತ್ತಿದ್ದೆ. ಆ ಪ್ರೋಗ್ರಾಂ ಬಹಳ ಹಳೆಯದು. ಎಷ್ಟು ಹಳೆಯದೆಂದರೆ, ಗಂಟು ಬಿಚ್ಚಿದಾಗಲೆಲ್ಲ ಒಂದು ಚೌಕಾಕಾರದ ಚೀಟಿ ಪರದೆಯ ನಡುವೆ ಎದ್ದು ಏನೋ ಕೇಳುತ್ತಿತ್ತು. ಯಜಮಾನರು ಅದಕ್ಕೆ ಬಾಗಿಲಿಗೆ ಬಂದ ಮನುಷ್ಯನಿಗೆ ಹೇಳುವಂತೆ “ಮುಂದ ನೋಡೋಣ, ಹೋಗಪಾ” ಎಂದು ಹೇಳಿ ಮುಚ್ಚುತ್ತಿದ್ದರು. ಅವರು ಹೋದ ಮೇಲೆ ನಾನೂ ಹಾಗೇ ಹೇಳಿ ಮುಚ್ಚತೊಡಗಿದೆ. ಅಂಗಡಿಯಲ್ಲಿ ಮಾತಾಡಲು ಅದೊಂದಾದರೂ ಇತ್ತು.

ಕಂಪ್ಯೂಟರ್ ಕೆಟ್ಟರೆ ಬರುವವನು ಹಗರಿಬೊಮ್ಮನಹಳ್ಳಿಯ ಮೌಲಾ. ಮೊದಲು ರೇಡಿಯೋ, ಆಮೇಲೆ ಟಿವಿ, ಈಗ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ತಲೆ ಅರ್ಧ ಬೆಳ್ಳಗಾಗಿದೆ. ಯಜಮಾನರು ಹೋಗಿ ಮೂರು ತಿಂಗಳಿಗೆ ಬಂದವನು ನೋಡಿ ಬೈದ.

“ಅಕ್ಕಾರ, ಈ ಗಂಟು ಬಿಚ್ಚೋ ಪ್ರೋಗ್ರಾಂ ಬದಲು ಮಾಡೋಣ್ರಿ. ಇದರಾಗ ಒಂದು ತೂತು ಐತಂತ. ಅದನ್ನ ಮಾಡಿದೋರೇ ಹೇಳ್ಯಾರ. ಹೊಸದು ಕೊಟ್ಟಾರ. ಆದ್ರ ಇದು ತಾನಾಗೇ ಹೊಸದಾಗಂಗಿಲ್ಲ, ನಾವೇ ಹಾಕಬೇಕು. ಹತ್ತು ನಿಮಿಷದ ಕೆಲಸ.”

“ಮುಂದ ನೋಡೋಣ” ಎಂದೆ. ಚೀಟಿಗೆ ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು. ನಿಜ ಹೇಳಬೇಕೆಂದರೆ, ಅವರು ಕೂತು ಹಾಕಿದ ಒಂದನ್ನೂ ಬದಲಿಸಲು ನನಗೆ ಮನಸ್ಸಿರಲಿಲ್ಲ. ಕನ್ನಡಕದ ಡಬ್ಬಿ ಇದ್ದಲ್ಲೇ ಇತ್ತು. ಕುರ್ಚಿಯ ಮೇಲಿನ ಟವೆಲನ್ನು ಒಗೆದು ಮತ್ತೆ ಅದೇ ಮಡಿಕೆಯಲ್ಲಿ ಹಾಕುತ್ತಿದ್ದೆ. ಹಾಗೆಯೇ ಅವರು ಕೊನೆಯ ದಿನ ಕಟ್ಟಿದ ‘ಶೈಲಾ ಲಗ್ನ’ ಎಂಬ ಗಂಟನ್ನೂ ನಾನು ಬಿಚ್ಚಿರಲಿಲ್ಲ. ಗಿರಾಕಿಗಳ ಗಂಟನ್ನು ದಿನಾ ಬಿಚ್ಚುವವಳು ಅದೊಂದನ್ನು ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ಆ ಮಂಗಳವಾರದ ತಾರೀಖು, ಸಂಜೆಯ ವೇಳೆ ಕಾಣುತ್ತಿತ್ತು. ನಾನು ಬಿಚ್ಚಿದರೆ ಆ ತಾರೀಖು ಹೋಗಿ ಇವತ್ತಿನದು ಬರುತ್ತದೆ ಎಂದುಕೊಂಡಿದ್ದೆ. ನಲವತ್ತೊಂದನೆಯ ಹೆಸರು ಯಾರದು ಎಂಬ ಕುತೂಹಲ ಇರಲಿಲ್ಲ ಎಂದಲ್ಲ. ಬಹಳ ಇತ್ತು. ಆದರೆ ಅವರು ಇನ್ನೂ ಹೇಳಬೇಕಾದ ಒಂದು ಮಾತು ಆ ಗಂಟಿನಲ್ಲಿ ಇದೆ, ಬೇಕಾದಾಗ ಕೇಳಬಹುದು ಎಂಬುದೇ ಒಂದು ಧೈರ್ಯವಾಗಿತ್ತು.

ಶೈಲಾಳ ಲಗ್ನ ಒಂದು ವರ್ಷ ಮುಂದೆ ಹೋಯಿತು. ವರ್ಷ ತುಂಬಿದ ಮೇಲೆ ಗಂಡಿನ ಕಡೆಯವರು ದಿನ ಗೊತ್ತು ಮಾಡಿದರು. ಗಿರಿಜಕ್ಕ ಅರಸೀಕೆರೆಯಿಂದ ಬಂದು ಮನೆಯಲ್ಲಿ ಠಿಕಾಣಿ ಹೂಡಿದಳು.

“ನನ್ನ ತಮ್ಮ ಪಟ್ಟಿ ಬರದಿಟ್ಟಾನಂತಲ್ಲ, ತೆಗಿ. ನಾನು ಎಷ್ಟನೇ ಸಾಲಿನಾಗ ಅದೀನಿ ನೋಡಬೇಕು.”

“ನಾಳೆ ತೆಗೀತೀನಿ ಅಕ್ಕ. ಮೊದಲು ಒಂದು ಚಲೋ ಡಿಸೈನ್ ಹುಡುಕ್ತೀನಿ.”

“ನಾಳೆ ನಾಳೆ ಅಂತ ಹದಿನೈದು ದಿನ ಆತು. ಕಾರ್ಡು ಕೈಗೆ ಬರೋದ್ರಾಗ ಶೈಲಾಗ ಕೂಸು ಹುಟ್ಟತೈತಿ.”

ಪ್ರಿಂಟಿಂಗ್ ಕೆಲಸದವರದೊಂದು ವಾಟ್ಸಾಪ್ ಗುಂಪು ಇದೆ. ಸೀಸನ್ನಿಗೆ ಮುಂಚೆ ಯಾರಾದರೊಬ್ಬರು ಹೊಸ ಡಿಸೈನುಗಳನ್ನು ಗಂಟು ಕಟ್ಟಿ ಹಾಕುತ್ತಾರೆ. ಆ ದಿನ ಬಂದ ಗಂಟಿನ ಮೇಲೆ ‘ನವಿಲು ಬಾರ್ಡರ್, ಹೊಚ್ಚ ಹೊಸದು’ ಎಂದಿತ್ತು. ಊರಿಗೆಲ್ಲ ಹಳೆಯ ಬಾಳೆಕಂಬದ ಬಾರ್ಡರ್ ಹಾಕಿಕೊಡುವ ನನಗೆ ಮಗಳ ಕಾರ್ಡಿಗೆ ನವಿಲು ಬೇಕೆನಿಸಿತು. ಇಳಿಸಿಕೊಂಡು ಬಿಚ್ಚಿದೆ. ಚೌಕದ ಚೀಟಿ ಎದ್ದಿತು. “ಮುಂದ ನೋಡೋಣ, ಹೋಗಪಾ” ಎಂದೆ. ಅದು ಹೋಯಿತು. ನವಿಲು ಬರಲಿಲ್ಲ. ಕಂಪ್ಯೂಟರ್ ಮಾತ್ರ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಟ್ಟತೊಡಗಿತು. ಬಿಸಿಲಿಗೆ ಹೀಗೆ ಮಾಡುತ್ತದೆ ಎಂದುಕೊಂಡು ಅದರ ಕಡೆಗೆ ಫ್ಯಾನು ತಿರುಗಿಸಿ, ನಾನು ರೊಟ್ಟಿ ಬಡಿಯಲು ಒಳಗೆ ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮನೆಗೆ ಬಂದ ಕಳ್ಳ ಬೆವರುತ್ತಾನೆಂದು ನಾನು ಗಾಳಿ ಹಾಕಿ ಹೋದಂತಾಯಿತು.

ಹತ್ತು ರೊಟ್ಟಿ ಮುಗಿಸಿ ಬಂದು ನೋಡುತ್ತೇನೆ, ಎಲ್ಲ ಗಂಟುಗಳ ಹೆಸರಿನ ಮುಂದೆ ಬಾಲ ಬೆಳೆದಿತ್ತು, ಓದಲು ಬಾರದ ಅಕ್ಷರದ ಬಾಲ. ಯಾವುದೂ ಬಿಚ್ಚಲಿಲ್ಲ. ‘ಶೈಲಾ ಲಗ್ನ’ದ ಮೇಲೆ ಮೊದಲ ಸಲ ಬೆರಳು ಒತ್ತಿದೆ. ಅದೂ ಬಿಚ್ಚಲಿಲ್ಲ. ಅದರ ಪಕ್ಕದ ತಾರೀಖು ಇವತ್ತಿನದಾಗಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಒಕ್ಕಣೆ ಬಂದಿತ್ತು. ಶೈಲಾ ಓದಿ ಹೇಳಿದಳು: “ಎಲ್ಲಾ ಕೀಲಿ ಹಾಕೀವಿ, ಬೇಕಿದ್ರ ರೊಕ್ಕ ಕೊಟ್ಟು ನಮ್ಮನ್ನ ಕೇಳ್ರಿ ಅಂತ ಬರದಾರವ್ವ.”

ಗಿರಿಜಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಯಾರವರು? ನಮ್ಮ ಮನಿ ಪಟ್ಟಿ ತಗೊಂಡು ಅವರೇನು ಮಾಡ್ತಾರ? ಅವರ ಲಗ್ನಕ್ಕ ನಾವು ಸುಖಾಗಮನ ಬಯಸಬೇಕೇನು?”

ಮೌಲಾ ಸಿಕ್ಕ ಬಸ್ಸು ಹಿಡಿದು ಬಂದ. ಕೂತು, ಒಂದೊಂದೇ ಗಂಟಿನ ಮೇಲೆ ಒತ್ತಿ ನೋಡಿದ.

“ನಾನು ಒಳಗಿಂದು ಏನೂ ಮುಟ್ಟಿಲ್ಲ ಮೌಲಾ, ಬರೇ ಗಂಟು ಬಿಚ್ಚೀನಿ” ಎಂದೆ.

“ಬಿಚ್ಚಿದ್ರ ಸಾಕಾಗಿತ್ರಿ ಅಕ್ಕಾರ. ಅದೇ ಆ ತೂತು.” ಅವನು ಅಡುಗೆಮನೆಯ ಕಡೆ ನೋಡಿ ಕೇಳಿದ: “ಒಂದು ಜೋಳದ ಗಂಟು ಬಂತು ಅಂತ ತಿಳೀರಿ. ಮ್ಯಾಲೆ ಚೀಟಿ ಐತಿ, ಒಳಗ ನಾಲ್ಕು ಸೇರು ಅಂತ. ನೀವು ಎಷ್ಟು ದೊಡ್ಡ ಡಬರಿ ಇಡ್ತೀರಿ?”

“ನಾಲ್ಕು ಸೇರಿಂದು.”

“ಬಿಚ್ಚಿ ಸುರಿದ್ರಿ. ಒಳಗ ಹತ್ತು ಸೇರು ಇತ್ತು. ಏನಾಗತೈತಿ?”

“ಚೆಲ್ಲತೈತಿ” ಎಂದಳು ಗಿರಿಜಕ್ಕ, ತನ್ನನ್ನೇ ಕೇಳಿದ ಹಾಗೆ. “ಬಳಕೋಬೇಕು.”

“ಎಲ್ಲಿ ಚೆಲ್ಲತೈತಿ ಅನ್ನೋದೇ ಮಾತು ನೋಡ್ರಿ. ಕಂಪ್ಯೂಟರಿನ ನೆನಪಿನಾಗ ಡಬರಿ ಪಕ್ಕನೇ ಒಂದು ಹಾಳಿ ಇರತೈತಿ. ಮುಂದ ಯಾವ ಕೆಲಸ ಮಾಡಬೇಕು ಅಂತ ಅದರಾಗ ಬರದಿರತೈತಿ. ಚೆಲ್ಲಿದ್ದು ಆ ಹಾಳಿ ಮ್ಯಾಲೆ ಬೀಳತೈತಿ. ಈ ಕಳ್ಳರು ಜೋಳ ಕಟ್ಟಿರಂಗಿಲ್ಲ, ತಮಗ ಬೇಕಾದ ಹುಕುಂ ಕಟ್ಟಿರತಾರ. ಅದು ಹಾಳಿ ಮ್ಯಾಲೆ ಬಿದ್ದ ಮ್ಯಾಲೆ ಕಂಪ್ಯೂಟರು ಓದತೈತಿ, ಯಜಮಾನರ ಮಾತೇ ಇರಬೇಕು ಅಂತ ಮಾಡಿಬಿಡತೈತಿ.”

“ಸುರಿಯೋಕಿಂತ ಮೊದಲು ಅಳದು ನೋಡಬಾರದಾ ಆ ಪ್ರೋಗ್ರಾಂ?” ಎಂದು ಕೇಳಿದೆ.

“ಅಳೀಲಿಲ್ಲ. ಬರದೋನು ಚೀಟಿ ನಂಬಿದ. ಆಮ್ಯಾಲೆ ತಪ್ಪು ತಿಳೀತು, ತಿದ್ದಿ ಹೊಸದು ಕೊಟ್ಟ.”

ಗಿರಿಜಕ್ಕ ಆ ಪ್ರೋಗ್ರಾಂ ಬರೆದವನ ವಂಶವನ್ನು ಬಯ್ಯಲು ಶುರುಮಾಡಿದಳು. ನನಗೆ ಮಾತ್ರ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಕೂತು ದುಡಿಯುವವನು. ಮೇಲೆ ಬರೆದದ್ದನ್ನು ನಂಬಿದ. ನಾನು ‘ನವಿಲು ಬಾರ್ಡರ್’ ಎಂದು ಬರೆದದ್ದನ್ನು ನಂಬಲಿಲ್ಲವೇ? ಅವನಾದರೂ ತಪ್ಪು ತಿಳಿದ ಕೂಡಲೇ ತಿದ್ದಿ ಇಟ್ಟ. ಹತ್ತು ನಿಮಿಷ ಕೊಡಲಾರದೆ ಕೂತವಳು ನಾನು.

“ಇನ್ನೊಂದು ಕೇಳ್ತೀನಿ ಮೌಲಾ. ಶೈಲಾಳ ಗಂಟು ಮೊದಲೇ ಬಿಚ್ಚಿ ನೋಡಿದ್ರ ಆ ಹಳೇ ತಾರೀಖು ಹೋಗ್ತಿತ್ತಲ್ಲ?”

“ಇಲ್ರಿ ಅಕ್ಕಾರ. ಬರೇ ಬಿಚ್ಚಿ ನೋಡಿದ್ರ ಏನೂ ಬದಲಾಗಂಗಿಲ್ಲ. ಎಷ್ಟು ಸಲ ಬೇಕಾದರೂ ನೋಡಬಹುದಿತ್ತು.” ಹೇಳಿದ ಮೇಲೆ ಅವನಿಗೆ ನನ್ನ ಮುಖ ಕಂಡಿತು. “ಹಂಗಂತ… ಕೆಲವು ಸಲ ಬದಲಾಗತೈತಿ ಅಂತಾರಪ್ಪ” ಎಂದು ಸುಳ್ಳು ಸೇರಿಸಿದ. ಒಳ್ಳೆಯ ರಿಪೇರಿಗಾರ, ಆದರೆ ಸುಳ್ಳು ಹೇಳಲು ಬರುವುದಿಲ್ಲ.

ಆಮೇಲೆ ಅವನಿಗೆ ಒಂದು ಆಸೆ ಹುಟ್ಟಿತು. “ಅಣ್ಣಾರು ಎಲ್ಲಾ ಫೈಲಿನ ನಕಲು ಒಂದು ಪೆನ್‌ಡ್ರೈವಿನಾಗ ಇಡ್ತಿದ್ರಲ್ಲ, ಎಲ್ಲೈತಿ?”

ಹೌದು, ಇಡುತ್ತಿದ್ದರು. ಅದಕ್ಕೆಂದೇ ತಂದದ್ದು. ದಿನದ ಕೆಲಸ ಮುಗಿದ ಮೇಲೆ ನಕಲು ತೆಗೆದು, ಪೆನ್‌ಡ್ರೈವ್ ಕಿತ್ತು, ಬೀರುವಿನಲ್ಲಿ ಇಡುವ ಮನುಷ್ಯ. ನಾನು ಕಂಪ್ಯೂಟರಿನ ಡಬ್ಬಿಯ ಹಿಂಭಾಗ ತೋರಿಸಿದೆ. ಅವರು ಇದ್ದಾಗಿನ ಕೊನೆಯ ದಸರೆಯಲ್ಲಿ ಆಯುಧಪೂಜೆಗೆ ಕಂಪ್ಯೂಟರ್ ತೊಳೆದಂತೆ ಒರೆಸಿ, ವಿಭೂತಿ ಎಳೆದು, ಕುಂಕುಮ ಹಚ್ಚಿ, ಎಲೆ ಅಡಿಕೆ ಸೇರಿಸಿ ಅರಿಶಿನ ದಾರದ ಕಂಕಣ ಕಟ್ಟಿದ್ದರು. ಪೆನ್‌ಡ್ರೈವ್ ಕೂಡ ದುಡಿಯುವ ಸಾಮಾನೇ, ಅದಕ್ಕೇಕೆ ಮೋಸ ಎಂದು ಅದನ್ನು ಚುಚ್ಚಿದಲ್ಲೇ ಬಿಟ್ಟು, ಎರಡಕ್ಕೂ ಸೇರಿಸಿ ಒಂದೇ ಕಂಕಣ ಸುತ್ತಿದ್ದರು. ಕಟ್ಟಿದ ಕಂಕಣವನ್ನು ಮುಂದಿನ ಪೂಜೆಯವರೆಗೆ ಬಿಚ್ಚಬಾರದು. ಮುಂದಿನ ದಸರೆಗೆ ಅವರಿರಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ, ಹಾಗಾಗಿ ಹೊಸ ಕಂಕಣ ಕಟ್ಟಲಿಲ್ಲ, ಹಳೆಯದನ್ನು ಹರಿಯಲಿಲ್ಲ. ಪೆನ್‌ಡ್ರೈವ್ ಒಂದೂವರೆ ವರ್ಷ ಕಂಪ್ಯೂಟರಿಗೆ ಅಂಟಿಕೊಂಡೇ ಇತ್ತು. ಕೀಲಿ ಹಾಕಿದವರು ಅದಕ್ಕೂ ಹಾಕಿದ್ದರು. ಮೌಲಾ ಒಣಗಿದ ಎಲೆಯನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದ. “ಕಂಕಣದ ತಪ್ಪಿಲ್ಲ ಬಿಡ್ರಿ” ಎಂದ.

ಅಂಗಡಿಯ ಪಟ್ಟಿಗಳು ಹೋದ ಸುದ್ದಿ ಎರಡು ದಿನದಲ್ಲಿ ಸುತ್ತಲ ಊರಿಗೆಲ್ಲ ಮುಟ್ಟಿತು. ಜನ ಬೈಯುತ್ತಾರೆಂದು ಹೆದರಿದ್ದೆ. ಜನ ತಮ್ಮ ತಮ್ಮ ಟ್ರಂಕು ತೆಗೆದರು. ನಮ್ಮ ಕಡೆ ಲಗ್ನಪತ್ರಿಕೆಯನ್ನು ಬಿಸಾಡುವ ಪದ್ಧತಿ ಇಲ್ಲ. ಮೂಲೆಗೆ ಅರಿಶಿನ ಹಚ್ಚಿದ ಕಾರ್ಡು ಜಗಲಿಯ ಮೇಲೋ ಟ್ರಂಕಿನ ತಳದಲ್ಲೋ ಇದ್ದೇ ಇರುತ್ತದೆ. ಗುಡೇಕೋಟೆಯಿಂದ ಒಬ್ಬಾಕೆ ಸೀರೆಯ ಚೀಲ ತುಂಬ ಕಾರ್ಡು ತಂದು ಕೊಟ್ಟಳು. ಅದರಲ್ಲಿ ಅರ್ಧ ನಮ್ಮ ಅಂಗಡಿಯವೇ, ಯಜಮಾನರು ಕೂಡಿಸಿದ ಸಾಲುಗಳೇ. ಗಿರಾಕಿಗಳ ಪಟ್ಟಿಗಳು ಹೀಗೆ ಒಂದೊಂದಾಗಿ ಮರಳಿ ಬಂದವು.

ನಮ್ಮ ಮನೆಯ ಪಟ್ಟಿಯ ನಲವತ್ತು ಹೆಸರುಗಳನ್ನು ಗಿರಿಜಕ್ಕ, ಶೈಲಾ, ನಾನು ಕೂತು ಜೋಡಿಸಿದೆವು. ಉಳಿದದ್ದು ಆ ಒಂದು. ಬಿಟ್ಟಿದ್ದರೆ ದೊಡ್ಡ ತಪ್ಪಾಗುತ್ತಿತ್ತು ಎಂದು ಅವರು ಹೇಳಿದ ಹೆಸರು. ಅದು ಯಾರದಿರಬಹುದು ಎಂದು ನಾನು ನಾಲ್ಕು ಮಂದಿಯನ್ನು ಕೇಳಿದ್ದೇ ತಪ್ಪಾಯಿತು. ಕಾನಹೊಸಹಳ್ಳಿಯಲ್ಲಿ ಹೋಟೆಲ್ ಇಟ್ಟಿರುವ ದೂರದ ಮೈದುನ ವೀರಣ್ಣ ಮೊದಲು ಫೋನು ಮಾಡಿದ.

“ಅತ್ತಿಗೀ, ಅದು ನಂದೇ ಹೆಸರು. ಬಸ್ಸು ನಿಂತಾಗೆಲ್ಲ ಅಣ್ಣಗ ಚಾ ಕುಡಿಸೀನಿ. ಮಿರ್ಚಿನೂ ತಿನಿಸೀನಿ.”

“ಎಷ್ಟು ತಿನಿಸ್ತಿದ್ದಿ?”

“ನಾಲ್ಕರ ಕಡಿಮಿ ಎಂದೂ ಇಲ್ಲ.”

ಇಷ್ಟು ವರ್ಷ ನಾನು ಮನೆಯಲ್ಲಿ ಅರ್ಧ ಮಿರ್ಚಿ ಲೆಕ್ಕ ಹಿಡಿದದ್ದು ನೆನೆದು ನಗು ಬಂತು, ಆಮೇಲೆ ಅಳುವೂ ಬಂತು. ಗಿರಿಜಕ್ಕ ಅದು ತನ್ನ ಮೊಮ್ಮಗನ ಹೆಸರೇ ಎಂದು ಪಟ್ಟು ಹಿಡಿದಳು.

“ಆಗ ಕೂಸಿಗೆ ಇನ್ನೂ ಹೆಸರೇ ಇಟ್ಟಿದ್ದಿಲ್ಲಲ್ಲ ಅಕ್ಕ?”

“ಯಾವ ಹೆಸರು ಇಡ್ತೀವಿ ಅಂತ ನನ್ನ ತಮ್ಮಗ ಗೊತ್ತಿತ್ತು.”

ಹಾಲಿನ ಬಸಣ್ಣ, ಎದುರು ಮನೆಯ ಟೀಚರಮ್ಮ, ಹಡಗಲಿಯಿಂದ ಮಲ್ಲಿಗೆ ತರುವ ಹೂವಿನಾಕೆ, ಎಲ್ಲರೂ ಒಂದೊಂದು ಕಾರಣ ಹಿಡಿದು ಬಂದರು. ಯಾರದೂ ಸುಳ್ಳಲ್ಲ. ಎಲ್ಲರಿಗೂ ಅವರೊಡನೆ ಏನೋ ಒಂದು ಇತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ. ಮೌಲಾ ಹೊಸ ಪ್ರೋಗ್ರಾಂ ಹಾಕುತ್ತ, ತಿರುಗಿ ನೋಡದೆ ಕೇಳಿದ: “ನಂದೇನಾರ ಇತ್ತೇನ್ರಿ ಅಕ್ಕಾರ?” ತಾನೇ ನಕ್ಕ. ನಾನು ನಗಲಿಲ್ಲ. ಅವನು ಎದ್ದ ಮೇಲೆ ಕೂತು ಅವನ ಹೆಸರು ಕುಟ್ಟಿದೆ.

“ಬ್ಯಾಡ ಬಿಡ್ರಿ, ಗಿರಿಜಕ್ಕಾರು ಏನಂತಾರೋ.”

“ನನ್ನ ಪಕ್ಕಾನೇ ಹಾಕು” ಎಂದಳು ಗಿರಿಜಕ್ಕ ಒಳಗಿನಿಂದ. “ನನ್ನ ಟಿವಿ ರಿಪೇರಿ ಮಾಡ್ತೀನಂದು ಎರಡು ವರ್ಷಾತು. ಕಾರ್ಡು ನೋಡಿದಾಗೆಲ್ಲ ನೆನಪಾಗಲಿ ಅವಗ.”

ನಾನು ಯಾರಿಗೂ ಇಲ್ಲ ಎನ್ನಲಿಲ್ಲ. ಒಂದೊಂದು ಹೆಸರು ಕುಟ್ಟುವಾಗಲೂ ಇದೇ ಇರಬಹುದು ಎನ್ನಿಸುತ್ತಿತ್ತು. ನಲವತ್ತೊಂದಕ್ಕೆಂದು ಹಾಕಿದ ಚೌಕದಲ್ಲಿ ಐವತ್ತಮೂರು ಹೆಸರು ತುಂಬಿದೆ. ಅವು ಹಿಡಿಯದೆ ಚೌಕ ದಾಟಿ ಊಟದ ವೇಳೆಯ ಸಾಲಿನ ಮೇಲೆ ಹರಿದವು. ಕೊನೆಗೆ ಅಕ್ಷರವನ್ನು ಎಷ್ಟು ಸಣ್ಣ ಮಾಡಿದೆನೆಂದರೆ, ಕನ್ನಡಕ ಹಾಕಿದವರಿಗೂ ಓದಲು ಬರುತ್ತಿರಲಿಲ್ಲ. ಅಳತೆ ನೋಡದೆ ಸುರಿಯುವ ಪ್ರೋಗ್ರಾಂ ಬರೆದವನನ್ನು ಆ ದಿನ ಇನ್ನಷ್ಟು ಕ್ಷಮಿಸಿದೆ.

ಲಗ್ನ ಚೆನ್ನಾಗಿ ಆಯಿತು. ಬಂದವರಲ್ಲಿ ಯಾರೂ ತಮ್ಮ ಹೆಸರಿಲ್ಲವೆಂದು ಮುಖ ತಿರುಗಿಸಲಿಲ್ಲ. ಯಾರಾದರೂ ತಿರುಗಿಸಲಿ, ಆಗಲಾದರೂ ತಿಳಿಯುತ್ತದೆ ಎಂದು ನಾನು ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಮುಖ ನೋಡಿದೆ. ಬೀಗರು ಅದನ್ನೇ ಬಹಳ ಮರ್ಯಾದೆಯ ಸ್ವಾಗತವೆಂದು ಹೊಗಳಿದರಂತೆ. ಯಜಮಾನರು ಸೇರಿಸಿದ ಆ ಹೆಸರು ಯಾರದೆಂದು ಇನ್ನೂ ಗೊತ್ತಾಗಿಲ್ಲ.